ಹಸಿರು ಡಬ್ಬಿಯ ಉಸ್ತಾದರು

ಹೋದ ತಿಂಗಳು ರಾಯಚೂರಿನಲ್ಲಿ ಉಸ್ತಾದರಿಗೆ ಸನ್ಮಾನ ಆಯಿತು. ಸ್ಟುಡಿಯೋ ಮುಚ್ಚಿ, ಕ್ಯಾಮೆರಾ ಕೊರಳಿಂದ ಇಳಿಸಿ, ಇನ್ನು ಸಾಕು ಅಂತ ಮನೆಯಲ್ಲಿ ಕೂರುವ ತೀರ್ಮಾನ ಮಾಡಿದ್ದರು. ಸುತ್ತಲಿನ ಫೋಟೋಗ್ರಾಫರುಗಳೆಲ್ಲ ಸೇರಿ ಪೇಟ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟೆವು. ಒಬ್ಬೊಬ್ಬರೇ ಎದ್ದು ಹೊಗಳಿದರು. ಒಬ್ಬನಂತೂ "ಉಸ್ತಾದರ ಕಣ್ಣು ಅಂದ್ರ ಹದ್ದಿನ ಕಣ್ಣು" ಅಂದುಬಿಟ್ಟ. ಚಪ್ಪಾಳೆ ಬಿತ್ತು. ಮೈಕು ನನ್ನ ಹತ್ತಿರ ಬಂದಾಗ ನಾನು ಅದನ್ನು ಪಕ್ಕದವನ ಕೈಗೆ ದಾಟಿಸಿದೆ. ಪೇಟ ಸುತ್ತಿಕೊಂಡ ಮನುಷ್ಯನ ಎದುರು ಹೇಳುವಂಥದ್ದಲ್ಲ ನನ್ನ ಮಾತು. ಹಾಗಂತ ನುಂಗಿಕೊಂಡು ಕೂರುವವನೂ ನಾನಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಸರು ಇಲ್ಲಿ ಬೇಡ. ಎಲ್ಲರೂ ಉಸ್ತಾದರು ಅನ್ನುತ್ತಿದ್ದರು, ಅವರೂ ಅದಕ್ಕೇ ಓಗೊಡುತ್ತಿದ್ದರು. ರಾಯಚೂರಿನ ಬೇಸಿಗೆಯಲ್ಲಿ, ಕಲ್ಲು ಸಿಡಿಯುವ ಬಿಸಿಲಿನಲ್ಲಿ, ಮೈತುಂಬ ಜೇಬಿರುವ ದಪ್ಪ ಜಾಕೀಟು ಹಾಕುತ್ತಿದ್ದರು. ಒಂದು ಜೇಬಿನಲ್ಲಿ ಲೆನ್ಸು ಒರೆಸುವ ಬಟ್ಟೆ, ಮಿಕ್ಕವುಗಳಲ್ಲಿ ಅಡಿಕೆ ಪುಡಿ, ಬೀಗದ ಕೈ, ಬಾಚಣಿಗೆ. ಕ್ಯಾಮೆರಾ ಸದಾ ಕೊರಳಲ್ಲಿ. ಮಣ್ಣಿಗೆ ಹೋದಾಗಲೂ ಕೊರಳಲ್ಲಿ. ಒಮ್ಮೆ ಸತ್ತವರ ಮನೆಯಲ್ಲಿ ಬಗ್ಗಿ ಹಾರ ಹಾಕುವಾಗ ಲೆನ್ಸು ಹೆಣದ ಎದೆಗೆ ತಗುಲಿತು. ಉಸ್ತಾದರು ಗಾಬರಿಯಾಗಿ ಮೊದಲು ನೋಡಿದ್ದು ಲೆನ್ಸನ್ನು.

ನಾನು ಏಳನೇತ್ತಕ್ಕೆ, ಅಂದರೆ ಏಳನೇ ತರಗತಿಗೇ, ಶಾಲೆ ಬಿಟ್ಟವ. ಹೋಟೆಲಿನಲ್ಲಿ ಲೋಟ ತೊಳೆದು, ಇಟ್ಟಂಗಿ ಭಟ್ಟಿಯಲ್ಲಿ ಮಣ್ಣು ತುಳಿದು, ಮೀಸೆ ಬಲಿತ ಮೇಲೆ ಉಸ್ತಾದರ ಸ್ಟುಡಿಯೋ ಸೇರಿದೆ. ಅವರು ಎಸ್ಸೆಸ್ಸೆಲ್ಸಿ ಪಾಸು. ಆ ಒಂದು ಪಾಸನ್ನು ಜೀವಮಾನವೆಲ್ಲ ಉಂಡರು. ಮುಂದೆ ಮಾನ್ವಿಯಲ್ಲಿ ನನ್ನದೇ ಸ್ಟುಡಿಯೋ ಎದ್ದು, ಬೋರ್ಡಿನ ಮೇಲೆ ನನ್ನ ಹೆಸರು ಬಂದ ಮೇಲೂ ತುಂಬಿದ ಮದುವೆ ಚಪ್ಪರದಲ್ಲಿ "ಏ ಏಳನೇತ್ತಾ, ಆ ಲೈಟ್ ಈ ಕಡಿ ತಿರುವಲೇ" ಅಂತ ಕೂಗುತ್ತಿದ್ದರು. ತಿರುವುತ್ತಿದ್ದೆ. ಮದುವೆಯವರು ಏನು ಪಾಪ ಮಾಡಿದ್ದಾರೆ, ಅವರಿಗೇಕೆ ಕತ್ತಲೆ?

ನಿಂತದ್ದನ್ನು ತೆಗೆಯುವುದರಲ್ಲಿ ಉಸ್ತಾದರನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪುತ್ತೇನೆ. ಪಾಸ್‌ಪೋರ್ಟ್ ಸೈಜಿನ ರಾಜ. ಗಲ್ಲ ಹಿಡಿದು ಮುಖವನ್ನು ಕುಂಬಾರ ಗಡಿಗೆ ತಿರುಗಿಸಿದ ಹಾಗೆ ತಿರುಗಿಸಿ, "ಉಸಿರು ಬಿಗಿ ಹಿಡಿ" ಅನ್ನುತ್ತಿದ್ದರು. ಮಂದಿ ಹಿಡಿಯುತ್ತಿದ್ದರು. ಅಲುಗಾಡಿದರೆ ಬೈಗುಳ. ಬಾಸಿಂಗ ಕಟ್ಟಿಕೊಂಡ ಮದುಮಗನಿಗೂ ಬೈದದ್ದನ್ನು ಕೇಳಿದ್ದೇನೆ. ಲೋಕವೆಲ್ಲ ತಮ್ಮ ಮುಂದೆ ಕಲ್ಲಾಗಿ ನಿಲ್ಲಬೇಕು ಅನ್ನುವುದೇ ಅವರ ವಿದ್ಯೆ. ಓಡುವ ಎತ್ತು, ಕುಣಿಯುವ ಹುಡುಗರು, ಅಳುವ ಕೂಸು, ಇವೆಲ್ಲ ಅವರಿಗೆ ವೈರಿಗಳು.

ಅಂಥವರ ಕೈಗೆ ಮಿರರ್‌ಲೆಸ್ ಕ್ಯಾಮೆರಾ ಬಂತು. ನಮ್ಮ ಕಡೆ ಅದನ್ನು ಮೊದಲು ತಂದವರು ಅವರೇ. ಆ ಕ್ಯಾಮೆರಾ ತಾನೇ ಮನುಷ್ಯನ ಮುಖ ಹುಡುಕಿ, ಮುಖದಲ್ಲಿ ಕಣ್ಣು ಹುಡುಕಿ, ಕಣ್ಣಿನ ಮೇಲೆ ಹಸಿರು ಚೌಕ ಕೂರಿಸುತ್ತದೆ. ಮನುಷ್ಯ ಓಡಿದರೆ ಚೌಕವೂ ಹಿಂದೆ ಓಡುತ್ತದೆ. ಉಸ್ತಾದರು ಅದಕ್ಕೆ ಹಸಿರು ಡಬ್ಬಿ ಅಂತ ಹೆಸರಿಟ್ಟರು. ಚಹಾದ ಅಂಗಡಿಯಲ್ಲಿ ಕೂತು, ಹೋಗಿಬರುವವರ ಕಡೆ ಕ್ಯಾಮೆರಾ ಹಿಡಿದು, ಪರದೆ ತೋರಿಸುತ್ತಿದ್ದರು.

"ಇನ್ನ ಮ್ಯಾಲ ಫೋಕಸ್ ಅನ್ನೋ ಚಿಂತಿ ಬಿಡ್ರಿ. ಓಡ್ಲಿ, ಜಿಗೀಲಿ, ಪಲ್ಟಿ ಹೊಡೀಲಿ, ಕಣ್ಣು ಹಿಡೀತದ. ನಾವು ಗುಂಡಿ ಒತ್ತೋದಷ್ಟ."

"ಮತ್ತ ನೀವ್ಯಾಕ ಬೇಕ್ರೀ ಉಸ್ತಾದರೇ? ಸ್ಟ್ಯಾಂಡಿಗೆ ಕಟ್ಟಿ ಬಿಟ್ರಾತು" ಅಂದ ಚಹಾದವನು.

ಉಸ್ತಾದರು ಅವನ ಅಂಗಡಿಗೆ ಒಂದು ವಾರ ಹೋಗಲಿಲ್ಲ.

ಯಂತ್ರಕ್ಕೆ ನಾನು ಬೈಯುವುದಿಲ್ಲ. ನನ್ನ ಹತ್ತಿರವೂ ಈಗ ಅಂಥದ್ದೇ ಇದೆ, ಅದರಿಂದಲೇ ಉಣ್ಣುತ್ತಿದ್ದೇನೆ. ಆದರೆ ಯಾವುದನ್ನು ಹಿಡಿ, ಯಾವುದನ್ನು ಬಿಡು ಅಂತ ಅದಕ್ಕೆ ಹೇಳುವವನು ಬೇಕು. ನಾಯಿ ಹೊಲ ಕಾಯುತ್ತದೆ, ನಿಜ. ಯಾರ ಹೊಲ ಅಂತ ತೋರಿಸಬೇಕಲ್ಲ.

ಯಾಪಲದಿನ್ನಿಯ ಒಂದು ಮದುವೆಯಲ್ಲಿ ನಾನೂ ಅವರೂ ಇದ್ದೆವು. ನಾನು ವಿಡಿಯೋ, ಅವರು ಫೋಟೋ. ಅಕ್ಷತೆ ಬೀಳುವ ಹೊತ್ತು ಎಂಥದ್ದು ಅಂತ ನಮ್ಮ ಕಡೆಯ ಯಾವ ಫೋಟೋಗ್ರಾಫರನನ್ನಾದರೂ ಕೇಳಿ. ಚಪ್ಪರದ ನಾಲ್ಕೂ ದಿಕ್ಕಿನಿಂದ ಅಕ್ಕಿ ಮಳೆಯ ಹಾಗೆ ಬೀಳುತ್ತದೆ. ಅಡ್ಡ ಏನು ಬಂದರೂ ತಟ್ಟನೆ ಅದಕ್ಕೆ ಜಿಗಿಯುವ ಹಾಗೆ ಫೋಕಸ್ಸನ್ನು ಇಟ್ಟಿದ್ದರೆ, ಅದು ಮುಂದೆ ಹಾರುವ ಕಾಳಿಗೇ ಜಿಗಿಯುತ್ತದೆ. ಅದನ್ನು ತುಸು ಮಂದ ಮಾಡಿಟ್ಟುಕೊಂಡು, ಹಿಡಿದದ್ದನ್ನು ಬಿಡಬೇಡ ಅಂತ ಕ್ಯಾಮೆರಾಕ್ಕೆ ಹೇಳಿಟ್ಟಿರಬೇಕು. ಉಸ್ತಾದರು ಹೇಳಿರಲಿಲ್ಲ. ಆಲ್ಬಮ್ ಬಂದಾಗ ಒಂದೊಂದು ಅಕ್ಕಿಕಾಳೂ ಎಣಿಸುವಷ್ಟು ಸ್ಪಷ್ಟ. ಮದುಮಕ್ಕಳು ಹಿಂದೆಲ್ಲೋ ಮಂಜಿನಲ್ಲಿ.

"ಕಾಳು ನೋಡ್ರಿ, ಕಾಳು! ಮುತ್ತಿನಂಗ ಬಂದಾವ" ಅಂದರು ಉಸ್ತಾದರು.

ಹುಡುಗಿಯ ತಂದೆ ಆಲ್ಬಮ್ ಮುಚ್ಚಿ ಮಂಚದ ಮೇಲಿಟ್ಟ. "ಅಕ್ಕಿದಲ್ರೀ, ಮದುವಿ ನಮ್ಮ ಹುಡುಗೀದು ಇತ್ತು."

ಆಗಲೂ ಉಸ್ತಾದರ ಬಾಯಿಂದ ತಪ್ಪಾಯಿತು ಅನ್ನುವ ಮಾತು ಬರಲಿಲ್ಲ. ಅವರ ಬಾಯಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ. ಲೆನ್ಸಿನ ತಪ್ಪು, ಕಾರ್ಡಿನ ತಪ್ಪು, ಬಿಸಿಲಿನ ತಪ್ಪು, ಕೊನೆಗೆ ಮದುಮಗಳು ಕಣ್ಣು ಮಿಟುಕಿಸಿದ ತಪ್ಪು.

ಹೋದ ವರ್ಷ ಮಾನ್ವಿಯಲ್ಲಿ ಅವರ ಒಂದು ದಿನದ ತರಗತಿ ಇಟ್ಟರು: ಓಡುವ ವಸ್ತುವನ್ನು ಹಿಡಿಯುವುದು ಹೇಗೆ. ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ಪಾಠ, ಮಧ್ಯಾಹ್ನ ಮೈದಾನದಲ್ಲಿ ಹುಡುಗಿಯರ ಕಬಡ್ಡಿ ಫೈನಲ್. ಅಲ್ಲಿ ಉಸ್ತಾದರು ಎಲ್ಲರ ಎದುರು ಆಟವನ್ನು ಹಿಡಿದು ತೋರಿಸಬೇಕು. ಅಂಕಣದ ಹಗ್ಗದ ಒಳಗೆ ಕ್ಯಾಮೆರಾ ಹಿಡಿದು ಕೂರುವ ಅಪ್ಪಣೆ ಅವರೊಬ್ಬರಿಗೇ.

ಆ ಫೈನಲ್ಲಿನಲ್ಲಿ ನನ್ನ ಮಗಳು ಆಡುವವಳಿದ್ದಳು. ಮಾನ್ವಿ ತಂಡದ ರೇಡರ್. ಡಿಗ್ರಿ ಕೊನೆಯ ವರ್ಷ. ನಮ್ಮ ಕಡೆ ಹುಡುಗಿಯರಿಗೆ ಕಾಲೇಜು ಮುಗಿಯಿತೆಂದರೆ ತಂಡವೂ ಮುಗಿಯಿತು, ಆಟವೂ ಮುಗಿಯಿತು. ಅವಳಿಗೂ ಅದು ಗೊತ್ತಿತ್ತು. ಹಿಂದಿನ ದಿನ ಅನ್ನ ಕಲಸುತ್ತ ಅಂದಳು:

"ಯಪ್ಪಾ, ಊರಮಂದಿ ಮದುವಿ, ಕುಬುಸ, ತೊಟ್ಟಿಲು ಎಲ್ಲಾ ತೆಗೆದಿ. ನಾ ರೇಡಿಗೆ ಹೋಗೋದು ಒಂದರೆ ಫೋಟೋ ಬೇಕು ನನಗ. ನಾಳಿ ಒಂದಿನ ಅದ ನೋಡು."

ಅವಳ ಮ್ಯಾಚುಗಳೆಲ್ಲ ಲಗ್ನದ ಸೀಸನ್ನಿನಲ್ಲೇ ಬರುತ್ತಿದ್ದವು. ದುಡಿಯುವವನಿಗೆ ಸೀಸನ್ ಬಿಡಲು ಬರುವುದಿಲ್ಲ. ಈ ಸಲ ದಿನ ಖಾಲಿ ಇತ್ತು, ಹಗ್ಗದ ಒಳಗೆ ಜಾಗ ಇರಲಿಲ್ಲ. ಹಗ್ಗದ ಹೊರಗೆ, ಜನರ ತಲೆಗಳ ಹಿಂದೆ ನಿಂತು ಕಬಡ್ಡಿ ತೆಗೆಯುತ್ತೇನೆ ಅನ್ನುವವನು ಪೆದ್ದ. ಅದಕ್ಕೆ ನನ್ನ ಸ್ವಾಭಿಮಾನ ಮಡಚಿ ಜೇಬಿಗಿಟ್ಟುಕೊಂಡು, ಬೆಳಿಗ್ಗೆಯೇ ಉಸ್ತಾದರ ಮುಂದೆ ನಿಂತೆ.

"ಮಗಳು ಆಡ್ತಾಳ್ರೀ. ನಂಬರ್ ಒಂಬತ್ತು. ಒಂದು ಒಳ್ಳೇ ಫೋಟೋ ಆಕಿದು ಬೇಕು."

"ಒಂದ್ಯಾಕಲೇ ಏಳನೇತ್ತಾ? ನೂರು ತಗೋ. ಎಣ್ಣಿ ಹಚ್ಚಿದ ಮೀನಿದ್ರೂ ಬಿಡಂಗಿಲ್ಲ ಇದು" ಅಂತ ಕ್ಯಾಮೆರಾದ ಬೆನ್ನು ತಟ್ಟಿದರು.

ಪಾಠದಲ್ಲಿ ಹೇಳಿದ್ದೆಲ್ಲ ಸುಳ್ಳಲ್ಲ. ಫೋಕಸ್ಸು ಒಮ್ಮೆ ಹಿಡಿದು ನಿಲ್ಲಬಾರದು, ಆಟಗಾರ ಓಡಿದಷ್ಟೂ ಬೆನ್ನತ್ತುತ್ತಲೇ ಇರಬೇಕು. ಶಟರ್ ಚುರುಕಾಗಿರಬೇಕು, ಇಲ್ಲವಾದರೆ ಕೈಕಾಲು ಕಲಸಿದ ಹಿಟ್ಟಾಗುತ್ತದೆ. ಫೋಕಸ್ಸನ್ನು ಹೆಬ್ಬೆರಳಿನ ಗುಂಡಿಗೆ ಕೊಟ್ಟು, ತೋರುಬೆರಳನ್ನು ಬರೇ ಕ್ಲಿಕ್ಕಿಗೆ ಇಡಬೇಕು. ಇದೆಲ್ಲ ಬರೋಬ್ಬರಿ. ಆಮೇಲೆ ಬಂತು ಅವರ ಹಸಿರು ಡಬ್ಬಿಯ ಪುರಾಣ. ಕವಿತಾಳದ ಸ್ಟುಡಿಯೋದವನೊಬ್ಬ ಎದ್ದು ನಿಂತ.

"ಉಸ್ತಾದರೇ, ಒಂದು ಸಂಶೇ. ಗ್ರೌಂಡಿನ ಸುತ್ತ ಫ್ಲೆಕ್ಸ್ ಕಟ್ಯಾರ. ಅದರಾಗೂ ಮುಖ ಅದಾವಲ್ರೀ. ಕ್ಯಾಮೆರಾ ಅವನ್ನ ಹಿಡಿದ್ರ?"

ಉಸ್ತಾದರು ಅವನನ್ನು ಒಂದು ಗಳಿಗೆ ನೋಡಿ ನಕ್ಕರು. "ತಮ್ಮಾ, ಜೀವ ಇರೋದು ಯಾವುದು, ಇಲ್ಲದ್ದು ಯಾವುದು ಅಂತ ಅದಕ್ಕ ಗೊತ್ತಾಗ್ತದ. ಅದಕ್ಕೇ ಅದರ ರೇಟು ಹಂಗ ಅದ."

ಎಲ್ಲರೂ ನಕ್ಕರು. ಕವಿತಾಳದವನು ಕೂತ.

ಮೈದಾನ ಹೇಗಿತ್ತು ಅಂದರೆ, ಆಟದ ಖರ್ಚು ಹೊತ್ತಿದ್ದ ಮುಖಂಡರೊಬ್ಬರ ಮುಖ ನಾಲ್ಕೂ ಕಡೆ ಗೋಡೆ ಕಟ್ಟಿದ ಹಾಗೆ. ಕೈಮುಗಿದ ಮುಖ, ಫೋನಿನಲ್ಲಿ ಮಾತಾಡುವ ಮುಖ, ಕಪ್ಪು ಕನ್ನಡಕದ ಮುಖ. ಒಂದು ಮೂಲೆಯಲ್ಲಿ ಮಾತ್ರ ಫ್ಲೆಕ್ಸು ಗಾಳಿಗೆ ಕಿತ್ತು ಬಿದ್ದು, ಬಾಗಿಲಿನಷ್ಟು ಜಾಗ ಬಯಲಾಗಿತ್ತು, ಆಚೆ ಬರೀ ಆಕಾಶ. ಜೆರ್ಸಿಗಳೂ ಅವರ ದಾನವೇ. ಎಲ್ಲ ತಂಡಕ್ಕೂ ಒಂದೇ ಹಳದಿ ಬಣ್ಣ, ಒಂದೇ ನಂಬರುಗಳು. ಒಂದೇ ಕಡೆ ಆರ್ಡರ್ ಕೊಟ್ಟರೆ ಹಾಗೇ ಆಗುವುದು. ಗುರುತು ಸಿಗಲಿ ಅಂತ ಮಾನ್ವಿಯ ಹುಡುಗಿಯರು ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡರು. ಎದುರು ದೇವದುರ್ಗದ ತಂಡ, ಅವರಿಗೆ ಪಟ್ಟಿ ಇಲ್ಲ.

ನನ್ನ ಹೆಂಡತಿಯೂ ನಾನೂ ಮೈದಾನದ ಮೆಟ್ಟಿಲ ಮೇಲೆ ಕೂತೆವು. ನನ್ನ ಒಂದು ಕಣ್ಣು ಮಗಳ ಮೇಲೆ, ಇನ್ನೊಂದು ಉಸ್ತಾದರ ಮೇಲೆ. ಅವರು ಕುರ್ಚಿಯಲ್ಲಿ ಕೂತು, ಕ್ಯಾಮೆರಾವನ್ನು ಎದೆಗೆ ಆನಿಸಿ, ಗುಂಡಿ ಒತ್ತಿ ಹಿಡಿದು, ಹಿಂದೆ ನಿಂತವರಿಗೆ ಪರದೆ ತೋರಿಸುತ್ತಿದ್ದರು. "ನೋಡ್ರಿ, ಡಬ್ಬಿ! ಅಲುಗಾಡವಲ್ದು, ನೋಡ್ರಿ!" ಅಂಕಣದಲ್ಲಿ ಹುಡುಗಿಯರು ಮಿಂಚಿನಂತೆ ಓಡುತ್ತಿದ್ದಾರೆ, ಡಬ್ಬಿ ಅಲುಗಾಡುತ್ತಿಲ್ಲ. ಅಷ್ಟಾದರೂ ಅನುಮಾನ ಬರಬೇಡವೇ ಮನುಷ್ಯನಿಗೆ?

ಕೊನೆಯ ರೇಡು ನನ್ನ ಮಗಳದ್ದು. ಎರಡೂ ಕಡೆ ಅಂಕ ಸಮ. ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಅನ್ನುತ್ತ ಒಳಗೆ ಹೋದಳು, ಮೂಲೆಯ ಹುಡುಗಿಯ ಮೊಣಕಾಲನ್ನು ಕಾಲಬೆರಳಿನಿಂದ ಮುಟ್ಟಿದಳು. ತಿರುಗುವಷ್ಟರಲ್ಲಿ ಇನ್ನೊಬ್ಬಳು ಪಾದ ಹಿಡಿದಳು, ಮತ್ತೊಬ್ಬಳು ಸೊಂಟದ ಮೇಲೆ ಬಿದ್ದಳು. ಮಗಳು ನೆಲಕ್ಕೆ ಬಿದ್ದು, ಆ ಇಬ್ಬರನ್ನೂ ಎಳೆದುಕೊಂಡು, ತೋಳು ಚಾಚಿ, ನಡುಗೆರೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಸೀಟಿ ಬಿತ್ತು, ಮಾನ್ವಿ ಗೆದ್ದಿತು. ನನ್ನ ಹೆಂಡತಿ ಎದ್ದು ನಿಂತು ಎಂಥ ಶಿಳ್ಳೆ ಹೊಡೆದಳೆಂದರೆ, ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಅದು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಕೆಲ ದಿನಗಳಲ್ಲಿ ರಾಯಚೂರಿನಿಂದ ಬಸ್ಸಿನಲ್ಲಿ ದೊಡ್ಡದೊಂದು ಪಾರ್ಸೆಲ್ ಬಂತು. ಬಂಗಾರದ ಅಂಚಿನ ಫ್ರೇಮು, ಮೂಲೆಯಲ್ಲಿ ಉಸ್ತಾದರ ಸಹಿ. ಮಗಳು ಕಾಗದ ಹರಿದು ತೆಗೆದಳು. ನಾವು ಮೂವರೂ ಬಗ್ಗಿ ನೋಡಿದೆವು.

ಫೋಟೋ ಅಂದರೆ ಫೋಟೋ. ಗಾಳಿಯಲ್ಲಿದ್ದಾಳೆ ಹುಡುಗಿ. ಎರಡೂ ಕಾಲು ನೆಲ ಬಿಟ್ಟಿವೆ, ಜಡೆ ಹಾವಿನಂತೆ ಎದ್ದಿದೆ, ಬೆವರ ಹನಿ ಹುಬ್ಬಿನ ಮೇಲೆ, ಕಣ್ಣಲ್ಲಿ ಬೆಂಕಿ. ಹಳದಿ ಜೆರ್ಸಿ, ನಂಬರ್ ಒಂಬತ್ತು. ಹಿಂದೆ ಬರೀ ಆಕಾಶ.

ತೋಳಿಗೆ ಕೆಂಪು ಪಟ್ಟಿ ಇಲ್ಲ. ಯಾಕಿಲ್ಲ ಅಂದರೆ ಅವಳು ನನ್ನ ಮಗಳಲ್ಲ.

ಫೋನ್ ಹಚ್ಚಿದೆ.

"ಉಸ್ತಾದರೇ, ಫೋಟೋ ಮುಟ್ಟಿತು. ಇದು ನನ್ನ ಮಗಳಲ್ರೀ."

"ನಂಬರ್ ಒಂಬತ್ತ ಅಲ್ಲೇನು?"

"ಒಂಬತ್ತ ಅದ."

"ಕಣ್ಣು ಶಾರ್ಪ್ ಇಲ್ಲೇನು?"

"ಅದ."

"ಮತ್ತೇನಲೇ ನಿಂದು?"

ಫೋನ್ ಇಟ್ಟುಬಿಟ್ಟೆ. ನನ್ನ ಮಗಳು ಕೂಸಿದ್ದಾಗಿನಿಂದ ಅವರ ಸ್ಟುಡಿಯೋದ ಬೆಂಚಿನ ಮೇಲೆ ಮಲಗಿ ಬೆಳೆದವಳು. ಪ್ರತಿ ವರ್ಷ ಶಾಲೆಯ ಫೋಟೋಕ್ಕೆ ಗಲ್ಲ ಹಿಡಿದು ತಿರುಗಿಸಿದ್ದು ಅದೇ ಮನುಷ್ಯ.

ಮರುದಿನವೇ ರಾಯಚೂರಿಗೆ ಹೋಗಿ, ಮಿಕ್ಕ ಫೋಟೋ ತೋರಿಸಿ ಅಂತ ಕೂತೆ. ತೋರಿಸಿದರು. ಒಂದಾದ ಮೇಲೊಂದು, ಕಂಪ್ಯೂಟರ್ ತುಂಬ ಮುಖಂಡರು. ಮೀಸೆಯ ಒಂದೊಂದು ಕೂದಲೂ ಸ್ಪಷ್ಟ, ಕನ್ನಡಕದ ಮೇಲಿನ ಹೊಳಪೂ ಸ್ಪಷ್ಟ. ಅವರ ಮುಂದೆ ಹಳದಿ ಹೊಗೆ. ಕೊನೆಯ ರೇಡು ಬಂತು. ನೆಲದ ಮೇಲೆ ಹಳದಿ ಹೊಗೆ, ಅದರಿಂದ ನಡುಗೆರೆಯ ಕಡೆಗೆ ಚಾಚಿದ ಒಂದು ತೆಳು ಹೊಗೆ. ಅದು ನನ್ನ ಮಗಳ ಕೈ. ಮೇಲೆ ಮುಖಂಡರು ಕೈಮುಗಿದು ನಗುತ್ತಿದ್ದಾರೆ.

ಆಟಗಾರ್ತಿಯರಲ್ಲಿ ಕಣ್ಣು ಸಿಕ್ಕಿದ್ದು ಒಂದೇ ಫೋಟೋದಲ್ಲಿ. ಆ ದೇವದುರ್ಗದ ಹುಡುಗಿ ಹಾರಿದ್ದು ಫ್ಲೆಕ್ಸ್ ಬಿದ್ದ ಜಾಗಕ್ಕೆ ನೇರವಾಗಿ. ಹಿಂದೆ ಬೇರೆ ಮುಖ ಇರಲಿಲ್ಲ, ಯಂತ್ರಕ್ಕೆ ಬೇರೆ ಗತಿ ಇರಲಿಲ್ಲ. ಮುಖ ಹುಡುಕುವುದನ್ನು ಆರಿಸಿ, ಡಬ್ಬಿಯನ್ನು ಸಣ್ಣದು ಮಾಡಿ, ಕೈಯಾರೆ ಹುಡುಗಿಯ ಮೈಮೇಲೆ ಇಟ್ಟುಕೊಂಡು ಹೋಗಿದ್ದರೆ ಎಲ್ಲವೂ ಬರುತ್ತಿದ್ದವು. ಅದಕ್ಕೆ ಹುಡುಗಿಯನ್ನು ನೋಡಬೇಕಾಗುತ್ತಿತ್ತು, ಅಷ್ಟೇ.

"ಇದರಾಗ ಮೂಮೆಂಟ್ ಅದ ಲೇ" ಅಂದರು ಉಸ್ತಾದರು, ಹೊಗೆಯನ್ನು ತೋರಿಸಿ. "ದೊಡ್ಡ ದೊಡ್ಡ ಶಹರದಾಗ ಇದಕ್ಕ ಆರ್ಟ್ ಅಂತಾರ. ನಿನಗ ತಿಳಿಯಂಗಿಲ್ಲ."

"ಅಕಿ ಇನ್ನ ಆಡಂಗಿಲ್ರೀ. ಅದ ಕಡೀ ಮ್ಯಾಚ್ ಇತ್ತು."

"ಗ್ರೌಂಡಿಗೆ ಕರಕೊಂಡು ಬಾ ನಾಳಿ. ಜೆರ್ಸಿ ಹಾಕ್ಸು. ಕಾಲು ಚಾಚಿ ನಿಲ್ಲಿಸಿ ಹೊಡದ್ರಾತು. ಯಾರಿಗೆ ಗೊತ್ತಾಗ್ತದ?"

ಮನೆಗೆ ಬಂದು ಈ ಮಾತು ಹೇಳಿದೆ. ಮಗಳು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿಸಿದ ಫ್ರೇಮನ್ನೇ ನೋಡುತ್ತಿದ್ದಳು.

"ನಿಂತು ತೆಗಿಸಿಕೊಳ್ಳಾಕ ನಾ ಏನ್ ಪಾಸ್‌ಪೋರ್ಟ್ ಮಾಡಸಾಕತ್ತೀನೇನು? ಬ್ಯಾಡ ಬಿಡು." ಫೋಟೋದ ಹುಡುಗಿಯ ಮೇಲೆ ಬೆರಳಿಟ್ಟು ಅಂದಳು, "ಈಕಿ ನನ್ನ ಪಾದ ಹಿಡಿದಾಕಿ, ಯಪ್ಪಾ. ಬಿಡಿಸಿಕೊಳ್ಳಾಕ ಜೀವ ಹೋತು ನನ್ನ ಜೀವ. ಇದು ಅಕಿದು. ಕೊಟ್ಟು ಬರೋಣ ನಡಿ."

ದೇವದುರ್ಗದ ಬಸ್ಸಿನಲ್ಲಿ ಫ್ರೇಮನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತೆ. ಕಂಡಕ್ಟರ್ ಬಗ್ಗಿ ನೋಡಿದ. "ಮಗಳೇನ್ರೀ? ಏನ್ ಹಾರ್ಯಾಳ್ರೀ!"

"ಅಲ್ರೀ. ಮಗಳು ಈ ಕಡಿ ಕುಂತಾಳ" ಅಂದೆ. ಅವನು ಮಗಳನ್ನು ನೋಡಿದ, ಫೋಟೋ ನೋಡಿದ, ನನ್ನನ್ನು ನೋಡಿದ. ಟಿಕೀಟು ಹರಿದುಕೊಟ್ಟು ಮುಂದೆ ಹೋದ.

ಆ ಹುಡುಗಿಯ ಮನೆ ಊರ ಅಂಚಿನಲ್ಲಿ. ತಾಯಿ ಹತ್ತಿ ಬಿಡಿಸಿ ಆಗತಾನೇ ಬಂದು ಕಾಲು ತೊಳೆಯುತ್ತಿದ್ದಳು. ಹುಡುಗಿ ನನ್ನ ಮಗಳನ್ನು ಕಂಡವಳೇ "ಅಯ್ಯ! ಮಾನ್ವಿ ಒಂಬತ್ತು!" ಅಂತ ಕೂಗಿ ಓಡಿಬಂದಳು. ಫ್ರೇಮು ಬಿಚ್ಚಿ ಕಟ್ಟೆಯ ಮೇಲೆ ಇಟ್ಟೆ. ಹುಡುಗಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಒರೆಸಿ, ಕೊನೆಗೂ ಮುಟ್ಟದೆ, ಹತ್ತಿರ ಕೂತು ನೋಡಿದಳು.

"ಇಕಿ ನಮ್ಮಾಕೀನ ಏನ್ರೀ? ಆಟದಾಗ ಇಕಿ ಮಾರಿ ಹಿಂಗಿರ್ತದೇನು?"

"ನೀನು ನೋಡಿಲ್ಲೇನವ್ವಾ, ಮಗಳು ಆಡೋದು?"

"ಎಲ್ಲಿ ನೋಡ್ಲಿ ಯಪ್ಪಾ? ಮ್ಯಾಚ್ ಇದ್ದ ದಿನಾನೇ ಕೂಲಿ ಇರ್ತದ."

ಚಹಾ ಆಯಿತು. ಹುಡುಗಿ ನನ್ನ ಮಗಳನ್ನು ಕೇಳಿದಳು, "ಅಕ್ಕಾ, ನಿಂದು ತೋರ್ಸು. ಕಡೀ ರೇಡಿಂದು."

"ನಂದು ಬರಲಿಲ್ಲ."

"ಬರಲಿಲ್ಲಂದ್ರ?"

"ಬರಲಿಲ್ಲ ಅಷ್ಟ."

ಹುಡುಗಿಗೆ ಅದು ಹಿಡಿಸಲಿಲ್ಲ. ಎದ್ದು ಅಂಗಳಕ್ಕೆ ಇಳಿದಳು. ಚಪ್ಪಲಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದಳು. "ಯವ್ವಾ, ನೋಡಿಲ್ಲಿ. ಈ ಅಕ್ಕ ಹೆಂಗ ನಮ್ಮನ್ನ ಸೋಲಿಸಿದಳು ತೋರಸ್ತೀನಿ" ಅಂದವಳೇ ಹೊಸ ಚೂಡಿದಾರದಲ್ಲೇ ನೆಲಕ್ಕೆ ಬಿದ್ದಳು. "ಹಿಂಗ ಬಿದ್ದಳು. ಇಲ್ಲಿ ನಾನು ಪಾದ ಹಿಡಿದೀನಿ, ಉಗುರು ಊರೀನಿ. ಒದೀತಾಳ, ಬಿಡವಲ್ಲೆ ನಾನು. ಹಿಂಗ ಮೊಣಕೈ ಊರಿ, ನಮ್ಮಿಬ್ಬರನ್ನೂ ಎಳಕೊಂಡು, ಹಲ್ಲು ಕಚ್ಚಿ..." ಹಲ್ಲು ಕಚ್ಚಿ ತೋರಿಸಿದಳು, ಕತ್ತಿನ ನರ ಉಬ್ಬಿತು, ಬೆರಳು ಗೆರೆಯ ಕಡೆಗೆ ಒಂದೊಂದೇ ಅಂಗುಲ ಹೋಯಿತು. "ಮುಟ್ಟಿದಳು ನೋಡು!"

ನನ್ನ ಮಗಳು ಕಟ್ಟೆಯ ಮೇಲೆ ಕೂತು, ಗಲ್ಲಕ್ಕೆ ಕೈ ಕೊಟ್ಟು, ತನ್ನ ರೇಡನ್ನು ತಾನೇ ನೋಡುತ್ತಿದ್ದಳು. "ನಾ ಹಲ್ಲು ಕಚ್ಚಿದ್ನಾ?" ಅಂತ ಕೇಳಿದಳು.

"ಕಚ್ಚಿದಿ ಅಕ್ಕಾ. ನನ್ನ ಕೈನೇ ಕಚ್ಚತೀಯೇನೋ ಅಂತ ಅಂಜಿಕಿ ಬಂತು ನನಗ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನನ್ನ ಜೇಬಿನಲ್ಲಿ ಫೋನಿತ್ತು. ತೆಗೆಯಲಿಲ್ಲ.

ತಾಯಿ ಬಸ್ಸಿನ ತನಕ ಬಂದಳು. ಒಂದು ಚೀಲದಲ್ಲಿ ಶೇಂಗಾ ಕಟ್ಟಿ ಮಗಳ ಕೈಗೆ ಕೊಟ್ಟಳು. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ನನಗೆ ಹೇಳಿದಳು: "ಆ ಫೋಟೋ ತೆಗೆದವರಿಗೆ ಹೇಳ್ರಿ ಯಪ್ಪಾ. ನಮ್ಮಾಕೀನ ನಾವು ಕಾಣದ್ದು ಅವರು ಕಂಡ್ರು ಅಂತ."

ಹೂಂ ಅಂದೆ. ಅದಾದ ಮೇಲೆ ಉಸ್ತಾದರು ಎಷ್ಟೋ ಸಲ ಎದುರು ಸಿಕ್ಕಿದ್ದಾರೆ, ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿದಿದ್ದೇವೆ. ಆ ತಾಯಿಯ ಮಾತನ್ನು ಮುಟ್ಟಿಸಿಲ್ಲ. ಅವರು ಕಂಡಿದ್ದರೆ ಮುಟ್ಟಿಸುತ್ತಿದ್ದೆ.